ಬಂದವರನ್ನು ಒಳಗೆ ಕರಿ

ಸೀಗೆಕುಂಟೆ
14-10-1991

ಕೋನಪ್ಪನಿಗೆ ನಿನ್ನ ಅಕ್ಕ ಅನಸೂಯ ಬರೆಯುವುದು.

ಈ ಕಡೆ ಎಲ್ಲರೂ ಕ್ಷೇಮ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಮೈಗೆ ಯಾರಿಗೂ ಏನೂ ಆಗಿಲ್ಲ, ಅಷ್ಟೆ. ಒಂಬತ್ತು ವರ್ಷದ ಮೇಲೆ ನಮ್ಮ ಕೆರೆ ತುಂಬಿದೆ. ಊರವರು ಬಾಗಿನ ಬಿಟ್ಟು ಹೋಳಿಗೆ ಉಂಡರು. ಹೋಳಿಗೆ ಉಂಡವರ ಮನೆಗಳೆಲ್ಲ ದಿಬ್ಬದ ಮೇಲಿವೆ. ನಮ್ಮ ಕಾಲೊನಿಯ ಇಪ್ಪತ್ತು ಮನೆಗಳು ಏರಿಯ ಕೆಳಗೆ, ತೂಬಿನ ನೇರಕ್ಕೇ ಇವೆ. ಅದು ನಿನಗೆ ಹೇಳಿಕೊಡಬೇಕಾದ್ದಲ್ಲ, ನೀನೂ ಅಲ್ಲೇ ಹುಟ್ಟಿದವನು.

ತೂಬಿನ ಪಕ್ಕದಲ್ಲಿ ಏರಿ ಜಿನುಗುತ್ತಿದೆ. ಮೊದಲು ಬೆವರಿನಂತಿತ್ತು. ಈಗ ಬೆರಳಿನಷ್ಟು ದಪ್ಪಗೆ ಬರುತ್ತಿದೆ, ಅದೂ ಕೆಂಪಗೆ. ತಿಳಿನೀರು ಬಂದರೆ ಹೆದರಬೇಡಿ, ಕೆಂಪುನೀರು ಬಂದರೆ ಏರಿಯೊಳಗೆ ಮಣ್ಣು ಕರಗುತ್ತಿದೆ ಎಂದು ತಿಳಿಯಿರಿ ಅಂತ ಅಪ್ಪ ಹೇಳುತ್ತಿದ್ದರು. ಮೂವತ್ತು ವರ್ಷ ಅದೇ ಕೆರೆಗೆ ನೀರುಗಂಟಿಯಾಗಿದ್ದ ಮನುಷ್ಯ. ಇಂಜಿನಿಯರು ಬಂದಿದ್ದ. ಛತ್ರಿಯ ಕೆಳಗೆ ನಿಂತು ನೋಡಿ, "ಇದು ಮಾಮೂಲಿ ಕಣಮ್ಮಾ, ಎಲ್ಲಾ ಕೆರೇಲೂ ಇರ್ತದೆ" ಅಂದ. "ಕೆಂಪಗೆ ಬರ್ತಾ ಐತಲ್ಲ ಸಾರ್" ಅಂದೆ. "ನೀನು ಅಂಗನವಾಡಿ ಟೀಚರಮ್ಮ ಅಲ್ವಾ? ಹೋಗು, ಮಕ್ಕಳಿಗೆ ಹಾಡು ಹೇಳ್ಕೊಡು" ಅಂದ. ಜೊತೆಗಿದ್ದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಹೋದ ತಿಂಗಳು ಗೌರಿಬಿದನೂರಿನಲ್ಲಿ ನಮಗೆ ತರಬೇತಿ ಇತ್ತು. ಆಂಧ್ರದ ಕರಾವಳಿಯಲ್ಲಿ ತುಫಾನು ಬಂದಾಗ ಕೆಲಸ ಮಾಡಿದ್ದ ಒಬ್ಬ ಮೇಡಂ ಬಂದಿದ್ದರು. ನೀರು ಬರುವ ಹೊತ್ತಿಗೆ ಮನೆಯವರೆಲ್ಲ ಒಂದೇ ಕಡೆ ಇರುವುದಿಲ್ಲ, ಒಬ್ಬರನ್ನೊಬ್ಬರು ಹುಡುಕಲು ಹೋಗಿಯೇ ಬಹಳ ಜನ ಸಾಯುತ್ತಾರೆ ಅಂದರು. ಯಾರು ಯಾವ ದಿಕ್ಕಿಗೆ ಹೋಗಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕಂತೆ. ದೂರದ ಊರಿನಲ್ಲಿರುವ ಒಬ್ಬ ನಂಟನ ವಿಳಾಸ ಮನೆಯವರಿಗೆಲ್ಲ ಬಾಯಿಪಾಠ ಇರಬೇಕಂತೆ. ತಪ್ಪಿಸಿಕೊಂಡವರು ಅಲ್ಲಿಗೆ ಹೋಗಬೇಕು, ಇಲ್ಲವೇ ಅಲ್ಲಿಗೆ ಸುದ್ದಿ ಮುಟ್ಟಿಸಬೇಕು.

ನಮಗೆ ದೂರದ ಊರಿನಲ್ಲಿ ನೀನೊಬ್ಬನೇ ಇರುವುದು. ಚಿಂತಾಮಣಿಯಲ್ಲಿ ಮನೆ ಬದಲಾಯಿಸಿ ಎಂಟು ತಿಂಗಳಾಯಿತು. ಮನೆಯ ವಿಳಾಸ ಮೂರು ಸಲ ಕೇಳಿದೆ, ಮೂರು ಸಲವೂ ನೀನು ಬೇರೆ ಮಾತು ಬರೆದೆ. ಈ ಸಲ ವಿಳಾಸ ಬರೆದು ಕಳಿಸು.

ಅನಸೂಯ


ಚಿಂತಾಮಣಿ
21-10-1991

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ತಲುಪಿತು. ಓದಿ ಬೇಜಾರಾಯಿತು. ಒಂದು ದಿನದ ತರಬೇತಿ ಮುಗಿಸಿ ಬಂದು ಮನೆಯವರನ್ನೆಲ್ಲ ಹೀಗೆ ಹೆದರಿಸುವುದು ಸರಿಯೇ? ಇಂಜಿನಿಯರು ಓದಿದವನು. ಅಪ್ಪ ಹೇಳುತ್ತಿದ್ದದ್ದೆಲ್ಲ ಆ ಕಾಲಕ್ಕೆ ಸರಿ. ಅಮ್ಮನಿಗೆ ಮೊದಲೇ ಕಣ್ಣು ಮಂಜು, ಅವಳ ಮುಂದೆ ದಿನಾ ಕೆರೆ ಒಡೆಯುವ ಮಾತು ಆಡಬೇಡ. ನಿನ್ನ ಮಗಳು ಆಂಜಿನಮ್ಮ ಇನ್ನೂ ಹನ್ನೊಂದು ವರ್ಷದ ಹುಡುಗಿ, ಅವಳು ಪಾಠ ಬಾಯಿಪಾಠ ಮಾಡಲಿ.

ವಿಳಾಸಕ್ಕೆ ನಮ್ಮ ರೇಷ್ಮೆ ಇಲಾಖೆಯ ಆಫೀಸಿನದೇ ಸಾಕು. ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಮನೆ ಸಂದಿಯೊಳಗಿದೆ, ಹುಡುಕುವುದು ಕಷ್ಟ. ಇಲ್ಲಿಯೂ ಎಷ್ಟು ದಿನ ಇರುತ್ತೇವೋ ಗೊತ್ತಿಲ್ಲ. ಮುನಿರತ್ನಳಿಗೆ ದಿನ ತುಂಬುತ್ತಿದೆ, ಹೆರಿಗೆಗೆ ಶಿಡ್ಲಘಟ್ಟಕ್ಕೆ ತವರಿಗೆ ಕಳಿಸಿದ್ದೇನೆ. ಮೊದಲನೇ ಮಗು ಹೊಟ್ಟೆಯಲ್ಲೇ ಹೋದ ಮೇಲೆ ನನಗೂ ಮನಸ್ಸು ನೆಟ್ಟಗಿಲ್ಲ. ದಯವಿಟ್ಟು ಹೊಸ ಚಿಂತೆ ತಲೆಗೆ ಹಾಕಬೇಡ.

ಬಯ್ಯಪ್ಪ ಭಾವನಿಗೆ ನಮಸ್ಕಾರ. ಯಾರಾದರೂ ಬರುವುದಿದ್ದರೆ ಮೊದಲು ಕಾಗದ ಹಾಕಿ ಬರಲಿ.

ಕೋನಪ್ಪ


ಸೀಗೆಕುಂಟೆ
26-10-1991

ಕೋನಪ್ಪನಿಗೆ,

ಕಾಗದ ಹಾಕಿ ಬರಬೇಕೇ? ಕೆರೆ ನಮಗೆ ಕಾಗದ ಹಾಕಿ ಒಡೆಯುತ್ತದೆಯೇ? ಸರ್ಕಾರಿ ಕುರ್ಚಿಯಲ್ಲಿ ಕೂತ ಮೇಲೆ ನೀನೂ ಆ ಛತ್ರಿಯವನ ಹಾಗೆ ಮಾತಾಡಲು ಕಲಿತೆ. ಮನೆ ಸಂದಿಯಲ್ಲಿದ್ದರೇನು, ನಾವೇನು ಕಾರಿನಲ್ಲಿ ಬರುತ್ತೇವೆಯೇ? ದೊಡ್ಡ ಮನೆ ಹಿಡಿದಿದ್ದೀಯ, ಹಳ್ಳಿಯವರು ಬಂದು ಗಲೀಜು ಮಾಡಿಯಾರು ಅಂತ ನಿನಗೆ ಭಯ. ಇಲ್ಲವೇ ಮುನಿರತ್ನಳೇ ಬೇಡವೆಂದಿರಬೇಕು. ಯಾವುದೋ ಒಂದು.

ಇರಲಿ. ಆಫೀಸಿನ ವಿಳಾಸವನ್ನೇ ಎಲ್ಲರಿಗೂ ಕಲಿಸಿದ್ದೇನೆ. ಆಂಜಿನಮ್ಮ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾಳೆ. ನಾವು ಗೊತ್ತು ಮಾಡಿಕೊಂಡದ್ದನ್ನು ನೀನೂ ತಿಳಿದುಕೋ. ನೀರು ಬಂದರೆ ನಾನು ಅಂಗನವಾಡಿಯ ಹದಿನೇಳು ಮಕ್ಕಳನ್ನು ಕರೆದುಕೊಂಡು ನವಿಲುಬಂಡೆ ಹತ್ತುತ್ತೇನೆ. ಆಂಜಿನಮ್ಮ ಮಂಚೇನಹಳ್ಳಿಯ ಸ್ಕೂಲಿನಲ್ಲಿದ್ದರೆ ಊರ ಕಡೆ ತಿರುಗಿಯೂ ನೋಡಕೂಡದು. ನಿನ್ನ ಭಾವ ಗೌರಿಬಿದನೂರಿನಲ್ಲಿ ಗಾರೆ ಕೆಲಸದಲ್ಲಿದ್ದರೆ ಮಂಚೇನಹಳ್ಳಿ ದಾಟಿ ಬರಕೂಡದು. ಅಮ್ಮ ಮನೆಯಲ್ಲಿದ್ದರೆ ಪಕ್ಕದ ಮನೆಯವರ ಜೊತೆ ಬಂಡೆಗೆ, ಹೊರಗಿದ್ದರೆ ಹೊರಗೇ. ದಾರಿ ಕಡಿದುಹೋಗಿ ಮನೆ ಸೇರಲು ಆಗದವರು ನಿನ್ನ ಹತ್ತಿರ ಬರುತ್ತಾರೆ. ಯಾರೂ ಯಾರನ್ನೂ ಹುಡುಕಲು ನೀರಿಗಿಳಿಯುವಂತಿಲ್ಲ.

ಭಾನುವಾರ ಒಂದು ಸಲ ಅಭ್ಯಾಸ ಮಾಡಿಸಿದೆ. ಒಂದು ಉದ್ದ ಹಗ್ಗಕ್ಕೆ ಗಂಟು ಹಾಕಿ, ಒಂದೊಂದು ಗಂಟಿಗೆ ಒಂದೊಂದು ಮಗುವನ್ನು ಹಿಡಿಸಿ ಬಂಡೆ ಹತ್ತಿಸಿದೆ. ಕಾಲೊನಿಯವರು ಬಾಗಿಲಲ್ಲಿ ನಿಂತು ನಕ್ಕರು. ಮುನಿನಾರಾಯಣಪ್ಪ ಮಾವನಂತೂ, "ಏನ್ ಅನಸೂಯಮ್ಮಾ, ಕುರಿ ಹೊಡ್ಕೊಂಡು ಸಂತೆಗ್ ಹೊಂಟೆಯಾ?" ಅಂದ. ಅವನ ಮೊಮ್ಮಗನೂ ಆ ಹಗ್ಗದಲ್ಲಿದ್ದ. ನಿನ್ನ ಭಾವನೂ ನಕ್ಕರು. ನಾನು ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ನೀನು ಮಾಡಬೇಕಾದ್ದು ಹೆಚ್ಚಿಲ್ಲ. ಸುದ್ದಿ ಕೇಳಿ ಇಲ್ಲಿಗೆ ಓಡಿ ಬರಬೇಡ, ಇದ್ದಲ್ಲೇ ಇರು. ಬಂದವರನ್ನು ಒಳಗೆ ಕರಿ. ನಮಗೆ ತಂತಿ ಕೊಡು. ಇಷ್ಟು ನಿನ್ನಿಂದ ಆಗುತ್ತದೋ ಇಲ್ಲವೋ ಬರೆ. ಆಗುವುದಿಲ್ಲ ಅಂದರೂ ಬರೆ, ಬೇರೆ ದಾರಿ ನೋಡಿಕೊಳ್ಳುತ್ತೇನೆ.

ಅನಸೂಯ


ಚಿಂತಾಮಣಿ
1-11-1991

ಅಕ್ಕ,

ಆಗುತ್ತದೆ. ಅದಕ್ಕೆ ಮುನಿರತ್ನಳನ್ನು ಏಕೆ ಎಳೆದು ತರುತ್ತೀಯ? ಅವಳದೇನೂ ತಪ್ಪಿಲ್ಲ. ಬಂದರೆ ಆಫೀಸಿಗೇ ಬರಲಿ. ಮನೆಯ ಕಡೆ ಬೇಡ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಕೋನಪ್ಪ


ತಂತಿ
ಚಿಂತಾಮಣಿ, 9-11-1991

ಅಮ್ಮ ಆಂಜಿನಮ್ಮ ಕ್ಷೇಮ. ನನ್ನ ಬಳಿ ಇದ್ದಾರೆ. ಕೋನಪ್ಪ.


ಮಂಚೇನಹಳ್ಳಿ, ಸ್ಕೂಲಿನಲ್ಲಿ
12-11-1991

ನನ್ನ ತಮ್ಮ ಕೋನಪ್ಪನಿಗೆ,

ನಿನ್ನ ತಂತಿ ನಿನ್ನೆ ಸೋಮವಾರ ನಿನ್ನ ಭಾವನ ಕೈಗೆ ಸಿಕ್ಕಿತು. ಪೋಸ್ಟಾಫೀಸಿನಿಂದ ಓಡಿ ಬಂದು ಕಾಗದವನ್ನು ನನ್ನ ಕೈಗಿಟ್ಟರು. ಮೂರು ದಿನದಿಂದ ಬಾರದ ಅಳು ಆಗ ಬಂತು.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಒಡೆಯಿತು, ತೂಬಿನ ಪಕ್ಕದಲ್ಲೇ, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲೇ. ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ಲಾರಿ ಬಂದ ಹಾಗೆ ಶಬ್ದವಾಯಿತು. ತಟ್ಟೆಗಳನ್ನು ಅಲ್ಲೇ ಬಿಟ್ಟು ಹಗ್ಗ ಹಿಡಿಸಿದೆ. ಚಿಕ್ಕವು ಅಭ್ಯಾಸ ಮಾಡಿದಂತೆಯೇ ಗಂಟು ಹಿಡಿದುಕೊಂಡು ನಡೆದವು. ಒಂದು ಮಗು "ಟೀಚರ್, ಇವತ್ತು ಭಾನುವಾರಾನಾ?" ಅಂತ ಕೇಳಿತು. ಹದಿನೇಳೂ ಬಂಡೆ ಸೇರಿದವು. ಮೇಲಿನಿಂದ ನಮ್ಮ ಕಾಲೊನಿ ನೋಡಿದೆ. ಗೋಡೆಗಳು ನಿಂತಲ್ಲೇ ಕೂತು ಕರಗಿದವು. ಕಾಲು ಗಂಟೆಯಲ್ಲಿ ಇಪ್ಪತ್ತು ಮನೆಯೂ ಹೋದವು.

ಜನ ಬಹಳ ಮಟ್ಟಿಗೆ ಉಳಿದರು. ಮುನಿನಾರಾಯಣಪ್ಪ ಮಾವ ಹೋದ. ಹೊಲದಲ್ಲಿದ್ದವನು, ದಿಬ್ಬದ ಮೇಲೆ ಸುಮ್ಮನೆ ನಿಂತಿದ್ದರೆ ಬದುಕುತ್ತಿದ್ದ. ಮೊಮ್ಮಗನನ್ನು ಹುಡುಕಿಕೊಂಡು ಅಂಗನವಾಡಿಯ ಕಡೆ ಇಳಿದ. ಹುಡುಗ ಆಗ ಬಂಡೆಯ ಮೇಲೆ ನನ್ನ ಸೊಂಟದಲ್ಲಿದ್ದ. "ಮಾವಾ, ಇಲ್ಲೇ ಅವ್ನೆ, ಇಲ್ಲೇ ಅವ್ನೆ" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಕೋನಪ್ಪ, ಇನ್ನು ಆ ಛತ್ರಿಯವನು ನನ್ನ ಕಣ್ಣೆದುರಿಗೆ ಬಂದರೆ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಶನಿವಾರ ಬಂದಿದ್ದನಂತೆ. ಅತಿಯಾದ ಮಳೆಯಿಂದ ಆಯಿತು ಅಂತ ಬರೆದುಕೊಂಡು ಹೋದನಂತೆ.

ಆ ದಿನ ಮಂಚೇನಹಳ್ಳಿಯಲ್ಲಿ ಕಣ್ಣಿನ ಶಿಬಿರ. ಅಮ್ಮ ಬೆಳಿಗ್ಗೆ ಆಂಜಿನಮ್ಮನ ಕೈ ಹಿಡಿದು ಹೋಗಿದ್ದಳು. ರಸ್ತೆ ಕಡಿದುಹೋಯಿತು. ಅವರಿಬ್ಬರು ಆ ಕಡೆ ಇದ್ದಾರೋ, ಬರುವ ದಾರಿಯಲ್ಲಿ ಸಿಕ್ಕಿಕೊಂಡರೋ ಅಂತ ಮೂರು ದಿನ ನಾನು ಒಳಗೊಳಗೇ ಸತ್ತೆ. ಹುಡುಕಲು ಇಳಿಯಬಾರದು ಅಂತ ಊರಿಗೆಲ್ಲ ಹೇಳಿದವಳು ನಾನೇ, ಹಾಗಾಗಿ ಕೂತೇ ಇದ್ದೆ. ಆಂಜಿನಮ್ಮ ಹೇಳಿಕೊಟ್ಟದ್ದನ್ನು ಮಾಡಿದ್ದಾಳೆ. ನೀನೂ ಮಾಡಿದೆ.

ನಿನ್ನ ಮೇಲೆ ಏನೇನೋ ಬರೆದೆ, ಮರೆತುಬಿಡು. ಮುನಿರತ್ನಳ ಮೇಲೂ ಬರೆದೆ, ಅವಳಿಗೆ ಹೇಳಬೇಡ. ಅಮ್ಮ ನಿನ್ನ ಮನೆಯಲ್ಲಿ ಬೆಚ್ಚಗೆ ಮಲಗಿದ್ದಾಳೆ, ನೀನು ಬಿಸಿನೀರು ಕಾಯಿಸಿ ಕೊಟ್ಟಿದ್ದೀಯ ಅಂತ ನೆನೆಸಿಕೊಂಡರೆ ಈ ಸ್ಕೂಲಿನ ನೆಲದ ಮೇಲೂ ನನಗೆ ನಿದ್ದೆ ಬರುತ್ತದೆ. ರಸ್ತೆ ಸರಿಯಾದ ಮೇಲೆ ನಮ್ಮನ್ನೆಲ್ಲ ಇಲ್ಲಿಗೆ ತಂದು ಬಿಟ್ಟಿದ್ದಾರೆ, ಒಂದು ಕೋಣೆಗೆ ಐದು ಸಂಸಾರ. ಸ್ವಲ್ಪ ದಿನ ಅವರನ್ನು ಅಲ್ಲೇ ಇಟ್ಟುಕೊಂಡಿರು. ನಿನ್ನಂಥ ತಮ್ಮನನ್ನು ಪಡೆಯಲು ಪುಣ್ಯ ಮಾಡಿದ್ದೆ.

ನಿನ್ನ ಅಕ್ಕ


ಚಿಂತಾಮಣಿ
16-11-1991

ಅಕ್ಕನಿಗೆ,

ಅಷ್ಟೆಲ್ಲ ಬರೆಯಬೇಡ. ನಾನು ಮಾಡಿದ್ದು ಏನೂ ಇಲ್ಲ. ಮುನಿನಾರಾಯಣಪ್ಪ ಮಾವನ ಸುದ್ದಿ ಕೇಳಿ ಸಂಕಟವಾಯಿತು.

ಅಮ್ಮ ಚೆನ್ನಾಗಿದ್ದಾಳೆ. ಎರಡು ದಿನ ಜ್ವರ ಇತ್ತು, ಈಗ ಇಳಿದಿದೆ. ಮಾತು ಮಾತ್ರ ಕಡಿಮೆ ಮಾಡಿದ್ದಾಳೆ. ಏನೂ ಕೇಳಿ ಅವಳನ್ನು ಆಯಾಸಪಡಿಸಬೇಡ. ಆಂಜಿನಮ್ಮನೂ ಹೆದರಿದ ಹುಡುಗಿ, ಏನೇನೋ ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಸೋಮವಾರ ನಮ್ಮ ಆಫೀಸಿನ ಅಟೆಂಡರ್ ಖಲೀಮುಲ್ಲಾ ಸಾಹೇಬರ ಜೊತೆ ಇಬ್ಬರನ್ನೂ ಕಳಿಸುತ್ತೇನೆ. ನನಗೆ ರಜೆ ಸಿಗುತ್ತಿಲ್ಲ.

ಕೋನಪ್ಪ


ಮಂಚೇನಹಳ್ಳಿ
20-11-1991

ಕೋನಪ್ಪ,

ಆಂಜಿನಮ್ಮ ಎಲ್ಲ ಹೇಳಿದಳು. ಅಮ್ಮ ಏನೂ ಹೇಳಲಿಲ್ಲ. ಅವಳು ಬಾಯಿ ಮುಚ್ಚಿಕೊಂಡದ್ದನ್ನು ನೋಡಿಯೇ ನನಗೆ ಅನುಮಾನ ಬಂದು ಮಗಳನ್ನು ಸ್ಕೂಲಿನ ಹಿಂದಕ್ಕೆ ಕರೆದುಕೊಂಡು ಹೋಗಿ ಕೇಳಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಸುಳ್ಳಿದ್ದರೆ ಸುಳ್ಳೆಂದು ಬರೆ.

ರಾತ್ರಿಯೆಲ್ಲ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಮಳೆಗೆ ನೆನೆದು, ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಚಿಂತಾಮಣಿಗೆ ಬಂದರು. ಎರಡನೇ ಶನಿವಾರ, ಆಫೀಸಿಗೆ ಬೀಗ. ಮೆಟ್ಟಿಲ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತರು. ಹಿಂದಿನ ಓಣಿಯಲ್ಲಿರುವ ಖಲೀಮುಲ್ಲಾ ಸಾಹೇಬರು ಕಂಡು ಕೇಳಿದರು. "ಕೋನಪ್ಪ ನನ್ನ ಮಾವ" ಅಂತ ಆಂಜಿನಮ್ಮ ಹೇಳಿದಳು. ಆತ ಪಾಪ ಖುಷಿಯಿಂದ ನಿನ್ನ ಮನೆಗೇ ಕರೆದುಕೊಂಡು ಬಂದರು. ಮನೆ ಒಡತಿ ಅಕ್ಕಯ್ಯಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ನೀನು ಹೊರಗೆ ಬಂದೆ.

"ಎವರು ಕೋನಪ್ಪಾ ವೀಳ್ಳು? ಯಾರು ಇವ್ರು?" ಅಂತ ಅವಳು ಕೇಳಿದಳು.

"ನಮ್ಮೂರ ಕಡೆ ಕೂಲಿಯೋರು. ಕೆರೆ ಒಡ್ದು ಬಂದವ್ರೆ, ಪಾಪ" ಅಂದೆ ನೀನು.

ಕೂಲಿಯವರು!

ಆಂಜಿನಮ್ಮ "ಮಾವಾ" ಅಂದಳಂತೆ. ಅಮ್ಮ ಅವಳ ಕೈಯನ್ನು ನೋಯುವ ಹಾಗೆ ಹಿಸುಕಿ, "ಸುಮ್ನಿರಮ್ಮಾ" ಅಂದಳು. ಆಮೇಲೆ ನಿನಗೆ, ಹೊತ್ತು ಹೆತ್ತ ಮಗನಿಗೆ, ಕೈ ಮುಗಿದು, "ಸ್ವಾಮೀ, ಎಲ್ಲಾನ ಒಂದು ನೆಳ್ಳು ತೋರ್ಸಿ" ಅಂದಳು. ನೀನು ಆಗಲೂ ಬಾಯಿ ಬಿಡಲಿಲ್ಲ. ಅಕ್ಕಯ್ಯಮ್ಮನಿಗೇ ಕರುಣೆ ಬಂದು ನೀರು ತಂದಳು. ಅಮ್ಮ ಜಗಲಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಬೊಗಸೆ ಒಡ್ಡಿದಳು, ಅವಳು ಮೇಲಿನಿಂದ ಹುಯ್ದಳು. ನಿನ್ನ ಮನೆಯ ಬಾಗಿಲಲ್ಲಿ! ನೀನು ನೋಡುತ್ತಾ ನಿಂತಿದ್ದೆ.

ಒಳಗೆ ಕರಿ ಅಂತ ನಾನು ಬರೆದಿದ್ದೆ. ಆಗುತ್ತದೆ ಅಂತ ನೀನು ಬರೆದಿದ್ದೆ. ಖಲೀಮುಲ್ಲಾ ಸಾಹೇಬರೇ ಇಬ್ಬರನ್ನೂ ತಮ್ಮ ಮನೆಗೆ ಕರೆದುಕೊಂಡು ಹೋದರು, ಒಳಗೆ ಕರೆದವಳು ಅವರ ಹೆಂಡತಿ ಜಾನ್ ಬೀ. ಬಿಸಿನೀರು ಕಾಯಿಸಿದವಳು ಅವಳು. ತನ್ನ ಮಂಚ ಬಿಟ್ಟುಕೊಟ್ಟು ಒಂಬತ್ತು ದಿನ ನೆಲದ ಮೇಲೆ ಮಲಗಿದವಳು ಅವಳು. ಜ್ವರ ಬಂದಾಗ ಗಂಜಿ ಕುಡಿಸಿದವಳೂ ಅವಳೇ. ನೀನು ಆಫೀಸು ಬಿಟ್ಟ ಮೇಲೆ ಅರ್ಧ ಗಂಟೆ ಬಂದು, ಬ್ರೆಡ್ಡು ಇಟ್ಟು ಹೋಗುತ್ತಿದ್ದೆಯಂತೆ. ಅಮ್ಮ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳಂತೆ.

"ನನ್ನ ಬಳಿ ಇದ್ದಾರೆ" ಅಂತ ತಂತಿ ಕೊಟ್ಟೆಯಲ್ಲ, ಆ ಕಾಗದವನ್ನು ನಾನು ರವಿಕೆಯೊಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ನಿನ್ನೆ ಒಲೆಗೆ ಹಾಕಿದೆ. ಕೆರೆ ನನ್ನ ಗೋಡೆ ಕೆಡವಿತು, ಪಾತ್ರೆ ತೆಗೆದುಕೊಂಡು ಹೋಯಿತು. ಅದು ನೀರು, ಅದಕ್ಕೆ ಬುದ್ಧಿ ಇಲ್ಲ. ನಿನಗೆ ಏನಾಗಿತ್ತು?

ನಾಚಿಕೆಯಾದರೆ ಉತ್ತರ ಬರೆ. ಆಗದಿದ್ದರೆ ಬೇಡ.

ಅನಸೂಯಮ್ಮ


ಚಿಂತಾಮಣಿ
27-11-1991

ಅಕ್ಕ,

ಆಂಜಿನಮ್ಮ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ.

ಆದರೆ ನೀನೂ ಕೇಳು. ನೀನು ಕಾಲೊನಿಯಲ್ಲಿ ಇರುವವಳು. ಅಲ್ಲಿ ನೀನು ಯಾರು ಅಂತ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ನನ್ನನ್ನು ಈ ಊರಿನಲ್ಲಿ ಏಳು ಮನೆಯ ಬಾಗಿಲಲ್ಲಿ ಕೇಳಿದರು. ಮೊದಲು ಯಾವ ಆಫೀಸು ಅಂತಾರೆ, ಕೂರಿಸುತ್ತಾರೆ, ಕಾಫಿ ಕೊಡುತ್ತಾರೆ. ಆಮೇಲೆ "ತಾವು ಯಾವ ಪೈಕಿ?" ಅಂತಾರೆ. ನಿಜ ಹೇಳುತ್ತಿದ್ದೆ. ಕಾಫಿ ಲೋಟ ನಾನೇ ತೊಳೆದಿಟ್ಟು ಬರುತ್ತಿದ್ದೆ. ಕೊನೆಗೆ ಊರಾಚೆ ತಗಡಿನ ಶೀಟಿನ ರೂಮು ಸಿಕ್ಕಿತು. ಬೇಸಿಗೆಯಲ್ಲಿ ಅದು ಬಾಣಲೆ. ನೀರಿಗೆ ಅರ್ಧ ಮೈಲಿ ನಡೆಯಬೇಕು. ಮುನಿರತ್ನ ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ಕೊಡ ತರುತ್ತಿದ್ದಳು. ಒಂದು ದಿನ ದಾರಿಯಲ್ಲೇ ಕೂತಳು. ಮಗು ಹೋಯಿತು. ಜಾರಿ ಬಿದ್ದಳು ಅಂತ ನಿಮಗೆಲ್ಲ ಬರೆದೆ.

ಎಂಟನೇ ಬಾಗಿಲಲ್ಲಿ ಸುಳ್ಳು ಹೇಳಿದೆ. ಅಕ್ಕಯ್ಯಮ್ಮ ತಾವೇ ಒಂದು ಜಾತಿಯ ಹೆಸರು ಹೇಳಿ, "ಅವ್ರೇ ತಾನೆ?" ಅಂದರು. ಹೌದು ಅಂದೆ. ಒಂದೇ ಮಾತು. ಅಂಗಳದಲ್ಲೇ ನಲ್ಲಿ, ಎರಡು ಬೀದಿ ದಾಟಿದರೆ ಆಸ್ಪತ್ರೆ. ಬಾಬಾಸಾಹೇಬರ ಪಟ ಟ್ರಂಕಿನೊಳಗೆ ಹೋಯಿತು. ಅದಕ್ಕೇ ವಿಳಾಸ ಕೊಡಲಿಲ್ಲ. ಅದಕ್ಕೇ ಮನೆಯ ಕಡೆ ಬೇಡ ಅಂತ ಬರೆದೆ. ನೀನು ನೀರು ಎಲ್ಲಿಂದ ನುಗ್ಗುತ್ತದೆ ಅಂತ ಎಲ್ಲ ಲೆಕ್ಕ ಹಾಕಿದೆ. ಜನ ಎಲ್ಲಿ ತಡೆದು ನಿಲ್ಲಿಸುತ್ತಾರೆ ಅಂತ ಯೋಚಿಸಿದೆಯಾ? ನನ್ನನ್ನು ಕೇಳದೆ ನನ್ನ ಮನೆಯನ್ನು ಆಸರೆ ಅಂತ ಬರೆದುಕೊಂಡವಳು ನೀನು.

ಆ ದಿನ ಅಮ್ಮ ಸ್ವಾಮೀ ಅಂದಾಗ ಬಾಯಿ ಬಿಡಬೇಕು ಅಂದುಕೊಂಡೆ. ಹೊಟ್ಟೆಯಲ್ಲಿರುವ ಮಗು ಕಣ್ಣಿಗೆ ಬಂತು. ಆ ನಲ್ಲಿ ಕಣ್ಣಿಗೆ ಬಂತು. ಅಷ್ಟರಲ್ಲಿ ಅಮ್ಮ ಬೊಗಸೆ ಒಡ್ಡಿ ಆಗಿತ್ತು. ನಾನು ಮಾಡಿದ್ದು ಸರಿ ಅಂತ ಹೇಳುತ್ತಿಲ್ಲ. ನೀನು ನನ್ನ ಜಾಗದಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಮಾತ್ರ ಕೇಳುತ್ತೇನೆ.

ಕೋನಪ್ಪ


ಮಂಚೇನಹಳ್ಳಿ
2-12-1991

ಕೋನಪ್ಪ,

ಕೇಳಿದೆಯಲ್ಲ, ಹೇಳುತ್ತೇನೆ. ನಾನಾಗಿದ್ದರೆ ಅಕ್ಕನಿಗೆ ಒಂದು ಕಾಗದ ಬರೆಯುತ್ತಿದ್ದೆ. ಸುಳ್ಳು ಹೇಳಿ ಮನೆ ಹಿಡಿದಿದ್ದೇನೆ, ಇಲ್ಲಿಗೆ ಯಾರೂ ಬರಬೇಡಿ ಅಂತ ನಾಲ್ಕು ಸಾಲು. ನಾನು ಬೇರೆ ಯಾರದಾದರೂ ಹೆಸರು ಕಲಿಸುತ್ತಿದ್ದೆ. ಪೆರೇಸಂದ್ರದಲ್ಲಿ ಚಿಕ್ಕಮ್ಮನ ಮಗಳಿಲ್ಲವೇ? ಆಗುವುದಿಲ್ಲ ಅಂದರೂ ಬರೆ ಅಂತ ಕೇಳಿದ್ದೆ. ನೀನು ಆಗುತ್ತದೆ ಅಂತ ಬರೆದೆ. ಆ ಒಂದು ಮಾತು ನಂಬಿಕೊಂಡು ಕಣ್ಣು ಕಾಣದ ಮುದುಕಿ ಮತ್ತು ಒಂದು ಮಗು ಎರಡು ಬಸ್ಸು ಬದಲಾಯಿಸಿ ಬಂದರು. ಒಡತಿಗೆ ಸುಳ್ಳು ಹೇಳಿದ್ದಕ್ಕೆ ನಾನು ನಿನ್ನನ್ನು ಬಯ್ಯುವುದಿಲ್ಲ. ಆ ಏಳು ಬಾಗಿಲಿನವರಿಗೆ ಬೆಂಕಿ ಬೀಳಲಿ. ನನಗೆ ಸುಳ್ಳು ಹೇಳಿದ್ದಕ್ಕೆ ಬಯ್ಯುತ್ತಿದ್ದೇನೆ.

ಮುನಿರತ್ನ ಕೊಡ ಹೊತ್ತದ್ದನ್ನು ಎರಡು ಸಲ ಓದಿದೆ. ಅದನ್ನೂ ನಮಗೆ ಹೇಳಲಿಲ್ಲ ನೀನು. ಎಷ್ಟನ್ನು ಒಳಗಿಟ್ಟುಕೊಂಡು ಕೂತಿದ್ದೀಯೋ!

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಆಮೇಲೆ, "ಅವನ ಮಖ ನೋಡ್ದೆ ಕಣಮ್ಮಾ, ಮಂಜು ಮಂಜಾಗಿ ಕಾಣ್ತು. ಇನ್ನೊಂದ್ ಗಳಿಗೆ ಆಗಿದ್ರೆ ಅತ್ತುಬಿಡ್ತಿದ್ದ. ಅತ್ತಿದ್ರೆ ಮನೆ ಹೋಗ್ತಿತ್ತು. ಅದಕ್ಕೇ ನಾನೇ ಸ್ವಾಮಿ ಅಂದೆ" ಅಂದಳು.

ಅಂದರೆ ಆ ಹೊತ್ತಿನಲ್ಲೂ ಅವಳೇ ನಿನ್ನನ್ನು ಕಾಪಾಡಿದ್ದು. ಅದು ಗೊತ್ತಾದ ಮೇಲೆ ನನ್ನ ಸಿಟ್ಟು ಇಳಿಯಲಿಲ್ಲ, ಇಮ್ಮಡಿಯಾಯಿತು. ಇದನ್ನು ಬಚ್ಚಿಡದೆ ಬರೆಯುತ್ತಿದ್ದೇನೆ.

ಅನಸೂಯ


ಚಿಂತಾಮಣಿ, ಖಲೀಮುಲ್ಲಾ ಸಾಹೇಬರ ಮನೆಯಿಂದ
8-12-1991

ಅಕ್ಕ,

ಮೂರನೇ ತಾರೀಕು ಶಿಡ್ಲಘಟ್ಟದಲ್ಲಿ ಮುನಿರತ್ನಳಿಗೆ ಹೆಣ್ಣು ಮಗುವಾಯಿತು. ಇಬ್ಬರೂ ಚೆನ್ನಾಗಿದ್ದಾರೆ.

ಸುದ್ದಿ ತಿಳಿದು ಅಕ್ಕಯ್ಯಮ್ಮ ಅಟ್ಟದಿಂದ ಅವರ ಮನೆಯ ತೊಟ್ಟಿಲು ಇಳಿಸಿ, ಎಣ್ಣೆ ಸವರಿ, ತಾವೇ ಹೊತ್ತು ತಂದರು. "ನನ್ನ ಮಕ್ಕಳು ನಾಲ್ಕೂ ಇದ್ರಲ್ಲೇ ಬೆಳೆದ್ವು. ನಿನ್ನ ತಾಯಿ ಇಲ್ಲ ಅಂತೀಯಲ್ಲ, ನಾನೇ ನಾಮಕರಣ ಮಾಡಿಸ್ತೀನಿ ಬಿಡು" ಅಂದರು. ತಾಯಿ ಇಲ್ಲ ಅಂತಲೂ ಹೇಳಿದ್ದೆ, ಅಕ್ಕ. ಅದನ್ನು ನಿನಗೆ ಬರೆದಿರಲಿಲ್ಲ.

ತೊಟ್ಟಿಲಿಗೆ ಕೈ ಹಾಕಲು ನನ್ನಿಂದ ಆಗಲಿಲ್ಲ. "ಅಮ್ಮಾ, ಮೊನ್ನೆ ಕೆರೆ ಒಡೆದು ಬಂದಿದ್ರಲ್ಲ, ಕೂಲಿಯೋರು ಅಂದ್ನಲ್ಲ, ಅವ್ರು ನನ್ನ ತಾಯಿ. ಗಂಗುಲಮ್ಮ ಅಂತ ಹೆಸರು. ನಾವು ಸೀಗೆಕುಂಟೆ ಕಾಲೊನಿಯೋರು" ಅಂದೆ.

ಆಕೆ ತೊಟ್ಟಿಲನ್ನು ಕೆಳಗಿಟ್ಟರು. ಜಾತಿಯ ಮಾತು ಮೊದಲು ಬರುತ್ತದೆ ಅಂದುಕೊಂಡಿದ್ದೆ. "ಹೆತ್ತ ತಾಯಿ ಬೊಗಸೇಲಿ ನೀರ್ ಕುಡಿಯೋದನ್ನ ನೋಡ್ತಾ ನಿಂತಿದ್ಯಲ್ಲೋ, ಮನುಷ್ಯನಾ ನೀನು?" ಅಂದರು. ಕಣ್ಣಲ್ಲಿ ನೀರಿತ್ತು. ಅದೇ ಉಸಿರಿನಲ್ಲಿ, "ಸಾಯಂಕಾಲದೊಳಗೆ ಖಾಲಿ ಮಾಡು. ನನ್ನ ಮನೇಲಿ ಪೂಜೆ ನಡೀತದೆ" ಅಂದರು. ತೊಟ್ಟಿಲನ್ನು ವಾಪಸ್ಸು ಹೊತ್ತುಕೊಂಡು ಹೋದರು. ನಾನು ಸಾಮಾನು ಕಟ್ಟುವಾಗ ಅವರ ಸೊಸೆ ನಲ್ಲಿಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು.

ಆಫೀಸಿನಲ್ಲೂ ಗೊತ್ತಾಗಿದೆ. ಇಬ್ಬರು ಮಾತು ಬಿಟ್ಟಿದ್ದಾರೆ. ನನಗೂ ಈಗ ಸಿಟ್ಟು ಬರುತ್ತಿದೆ. ಇಷ್ಟು ದಿನ ಹೆದರಿಕೆಯೇ ಇತ್ತು. ಜಾನ್ ಬೀಯವರು ಹೊರಗಿನ ಕೋಣೆ ಕೊಟ್ಟಿದ್ದಾರೆ. "ನಿಮ್ಮ ತಾಯಿ ಮಲಗಿದ್ದ ಮಂಚ ಕೊಡಲ್ಲ, ಚಾಪೆ ಕೊಡ್ತೀನಿ" ಅಂದರು. ಸರಿ ಅಂದೆ.

ಅಮ್ಮನನ್ನು ನೋಡಲು ಬರಬಹುದೇ? ಬೇಡ ಅಂದರೆ ಬರುವುದಿಲ್ಲ.

ಕೋನಪ್ಪ


ಮಂಚೇನಹಳ್ಳಿ
12-12-1991

ಕೋನಪ್ಪನಿಗೆ,

ಮಗುವಿಗೆ ನನ್ನ ಆಶೀರ್ವಾದ. ಮುನಿರತ್ನಳಿಗೆ ಎರಡು ತಿಂಗಳು ನೀರು ಹೊರಲು ಬಿಡಬೇಡ.

ತಾಯಿ ಇಲ್ಲ ಅಂದಿದ್ದೆ ಅನ್ನುವುದನ್ನು ನಾನು ಅಮ್ಮನಿಗೆ ಓದಲಿಲ್ಲ. ನಿನ್ನನ್ನು ಉಳಿಸಲು ಅಲ್ಲ, ಅವಳನ್ನು ಉಳಿಸಲು. ಒಡತಿಯ ಮುಂದೆ ಬಾಯಿ ಬಿಟ್ಟೆ ಅಂತ ನಾನು ನಿನ್ನ ಬೆನ್ನು ತಟ್ಟುವುದೂ ಇಲ್ಲ. ಒಂದು ತಿಂಗಳು ತಡವಾಯಿತು.

ಬರಬಹುದೇ ಅಂತ ಕೇಳಿದ್ದೀಯ. ಬುಧವಾರ ಹದಿನೆಂಟನೇ ತಾರೀಕು ಬಾ. ಸೀರೆ ಗೀರೆ ತರಬೇಡ. ಕಾಲೊನಿಯನ್ನು ಮತ್ತೆ ಅದೇ ಗುಂಡಿಯಲ್ಲಿ, ಏರಿಯ ಕೆಳಗೇ ಕಟ್ಟಿಕೊಳ್ಳಿ ಅಂತ ಮೇಲಿನವರ ಅಪ್ಪಣೆಯಾಗಿದೆ. ದಿಬ್ಬದ ಮೇಲೆ ಸರ್ಕಾರಿ ಜಮೀನಿದೆ, ಆದರೆ ಊರವರಿಗೆ ನಾವು ಪಕ್ಕದಲ್ಲಿ ಇರುವುದು ಬೇಡ. ನಾವು ಒಪ್ಪಿಲ್ಲ, ದಿಬ್ಬದ ಮೇಲೇ ಜಾಗ ಕೊಡಿ ಅಂತ ಅರ್ಜಿ ಬರೆದಿದ್ದೇವೆ. ಅವತ್ತು ಆಫೀಸರು ವಿಚಾರಣೆಗೆ ಬರುತ್ತಾರೆ. ನಾವೆಲ್ಲ ಒಡೆದ ಏರಿಯ ಮೇಲೆ ಕೂತಿರುತ್ತೇವೆ. ಮುನಿನಾರಾಯಣಪ್ಪನ ಮೊಮ್ಮಗನೂ ಇರುತ್ತಾನೆ. ಛತ್ರಿಯವನೂ ಬರುತ್ತಾನಂತೆ, ಅವನ ಹತ್ತಿರ ನನಗೆ ಮಾತಾಡುವುದು ಬಹಳ ಇದೆ.

ಅರ್ಜಿಗೆ ಹತ್ತೊಂಬತ್ತು ಮನೆಯವರು ಸಹಿ, ಹೆಬ್ಬೆಟ್ಟು ಹಾಕಿದ್ದಾರೆ. ಅಪ್ಪನ ಮನೆ ನಿನ್ನ ಹೆಸರಿನಲ್ಲಿದೆ. ನಿನ್ನ ಹೆಸರು, ತಂದೆಯ ಹೆಸರು, ಕಾಲೊನಿಯ ಹೆಸರು, ಮಾಡುವ ಕೆಲಸ, ಎಲ್ಲ ನಿನ್ನ ಕೈಯಲ್ಲೇ ಬರೆದು ಸಹಿ ಹಾಕು. ನೌಕರಿಗೆ ತೊಂದರೆಯಾಗಬಹುದು. ಯೋಚಿಸಿ ಬಾ.

ನಿನ್ನ ಭಾವ ಮಾತಾಡುತ್ತಾರೆ. ಆಂಜಿನಮ್ಮ ಮಾತಾಡುವುದಿಲ್ಲ, ಬಲವಂತ ಮಾಡಬೇಡ. ಅಮ್ಮನನ್ನು ಕೇಳಿದೆ, "ಬರ್ಲಿ, ನೋಡಾನ" ಅಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾನೂ ಹೇಳುವುದಿಲ್ಲ.

ಬಂದವನು ಹಿಂದಿನಿಂದ ಬಂದು ಮೆಲ್ಲಗೆ ಅವಳ ಪಕ್ಕ ಕೂರಬೇಡ. ಏರಿಯ ಆ ತುದಿಯಲ್ಲಿ ನಿಂತು ಅಮ್ಮಾ ಅಂತ ಕೂಗು. ಆಫೀಸರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗು.

ಅನಸೂಯ